ಆ ಹದಿಮೂರು ಹದಿಮೂರಲ್ಲ

ಬೋಣಿ ಆಗುವ ತನಕ ಮಾಲ್‌ಸುಕ್ ಅಂಗಡಿಯ ಹೊಸ್ತಿಲು ಬಿಟ್ಟು ಕದಲುವವರಲ್ಲ. ತೋಂಗ್ಯಂಗ್ ಬಂದರಿನ ಹಿಂದಿನ ಓಣಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ ನೂಬಿ ಅಂಗಡಿಗಳಲ್ಲಿ ಮೂಲೆಯದು ಅವರದು. ಎರಡು ಪದರ ಬಟ್ಟೆಯ ನಡುವೆ ತೆಳುವಾಗಿ ಹತ್ತಿ ಹರಡಿ, ಕಿರಿದಾದ ಸಾಲುಗಳಲ್ಲಿ ಒತ್ತೊತ್ತಾಗಿ ಹೊಲಿದ ಚೀಲ, ಪರ್ಸು, ಹೊದಿಕೆಗಳು ಗೋಡೆ ತುಂಬ ತೂಗುತ್ತವೆ. ಹೊಲಿಯುವವಳು ಒಳಗೆ ಯಂತ್ರದ ಮುಂದೆ ಕೂತ ಸೊಸೆ ನಾಮ್‌ಹಿ. ಮಾರುವವರು ಹೊರಗೆ ಸ್ಟೂಲಿನ ಮೇಲೆ ಕೂತ ಅತ್ತೆ ಮಾಲ್‌ಸುಕ್.

ಆ ದಿನ ಬೆಳಿಗ್ಗೆ ಮೊದಲು ಬಂದವಳು ಪ್ರವಾಸಕ್ಕೆ ಬಂದಿದ್ದ ಒಬ್ಬ ಯುವತಿ. ದುಂಡು ಚೌಕಟ್ಟಿನ ಕನ್ನಡಕ. ನೀಲಿ ಚೀಲವೊಂದನ್ನು ಕೈಗೆತ್ತಿಕೊಂಡು ಬೆಲೆ ಕೇಳಿದಳು.

"ಇನ್ನೂ ತೆರೆದಿಲ್ಲಮ್ಮ," ಎಂದರು ಮಾಲ್‌ಸುಕ್, ಬಾಯಿ ತುಂಬ ನಗುತ್ತ. "ಅಲ್ಲಿ ತಿರುವಿನಲ್ಲಿ ಜೇನು ಬನ್ನು ಬಿಸಿಬಿಸಿ ಇಳಿಸ್ತಿದಾರೆ. ತಿಂದ್ಕೊಂಡು ಬಾ, ಅಷ್ಟರಲ್ಲಿ ತೆರೆದಿರ್ತೀನಿ."

ಯುವತಿ ಉರಿಯುತ್ತಿದ್ದ ದೀಪಗಳನ್ನೂ ಜೋಡಿಸಿಟ್ಟ ಸಾಮಾನನ್ನೂ ಒಮ್ಮೆ ನೋಡಿ, ಏನೂ ತಿಳಿಯದೆ ಹೊರಟಳು. ಅವಳ ಬೆನ್ನು ಮರೆಯಾದದ್ದೇ ಮಾಲ್‌ಸುಕ್ ಡಬ್ಬಿಯಿಂದ ಚಿಟಿಕೆ ಉಪ್ಪು ತೆಗೆದು ಹೊಸ್ತಿಲ ಆಚೆ ಎರಚಿದರು.

"ಇಷ್ಟೆಲ್ಲ ದೀಪ ಹಾಕ್ಕೊಂಡು ಕೂತು ತೆರೆದಿಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ ಅತ್ತೆ?" ಒಳಗಿಂದ ನಾಮ್‌ಹಿ ಕೇಳಿದಳು.

"ನಂಬೋದು ಬಿಡೋದು ಅವರ ಇಷ್ಟ. ಕನ್ನಡಕದ ಹೆಂಗಸಿನ ಕೈಯಿಂದ ಬೋಣಿ ಆದ್ರೆ ಸಂಜೆವರೆಗೂ ನೊಣ ಹೊಡ್ಕೊಂಡು ಕೂರಬೇಕಾಗುತ್ತೆ."

"ನಿಮ್ಮ ಮೊಮ್ಮಗಳೂ ಕನ್ನಡಕದವಳೇ."

"ಅವಳೇನು ಗಿರಾಕಿನಾ? ಮನೆ ಮಗು. ಮನೆ ಮಗುವಿಗೆ ಯಾವ ಶಕುನ?"

ನಾಮ್‌ಹಿ ನಕ್ಕಳು. ಗೂಡಂಗಡಿಯಿಂದ ದಾರದುಂಡೆ ತರಲೆಂದು ಎದ್ದು ಹೊರಟವಳ ಹಣೆ ಅರ್ಧಕ್ಕೆ ಎತ್ತಿ ನಿಲ್ಲಿಸಿದ್ದ ಷಟರಿನ ಅಂಚಿಗೆ ಠಣ್ಣನೆ ಬಡಿಯಿತು. ಆ ತಿಂಗಳಲ್ಲಿ ಅದು ಮೊದಲ ಸಲವಲ್ಲ.

"ಐವತ್ತು ದಾಟಿದ ಮೇಲೂ ಎತ್ತರ ಬೆಳೀತಿದೀಯಾ ಹೇಗೆ?" ಅತ್ತೆ ಕೂಗಿದರು. ಆದರೆ ಬಾಯಿ ಹಾಗೆಂದರೂ ಕೈ ಆಗಲೇ ಸೊಸೆಯ ಹಣೆ ಉಜ್ಜುತ್ತಿತ್ತು.

ಆ ಮಧ್ಯಾಹ್ನ ವ್ಯಾಪಾರಿಗಳ ಸಂಘದವರು ವರ್ಷಕ್ಕೊಮ್ಮೆ ಏರ್ಪಡಿಸುವ ಕಣ್ಣಿನ ತಪಾಸಣೆ, ಮೀನು ಮಾರುಕಟ್ಟೆಯ ಮೇಲಿನ ಮಹಡಿಯಲ್ಲಿ. ಓಣಿಯ ಹೆಂಗಸರೆಲ್ಲ ಏಪ್ರನ್ ಬಿಚ್ಚದೆಯೇ ಸಾಲಿನಲ್ಲಿ ನಿಂತಿದ್ದರು. ಅಕ್ಷರದ ಹಲಗೆ ಓದಿಸಿ, ಆಮೇಲೆ ಕಣ್ಣಿನ ಒತ್ತಡ ನೋಡುವ ಯಂತ್ರದ ಮುಂದೆ ಕೂರಿಸುತ್ತಿದ್ದರು. ಗಲ್ಲವನ್ನು ಕೆಳಗಿನ ಪಟ್ಟಿಯ ಮೇಲಿಟ್ಟು ಹಣೆಯನ್ನು ಮುಂದಕ್ಕೆ ಒತ್ತಿದ ಮಾಲ್‌ಸುಕ್, ಕಣ್ಣಿಗೆ ಗಾಳಿ ಬಡಿದದ್ದೇ ಕುರ್ಚಿ ಸಮೇತ ಹಿಂದಕ್ಕೆ ಹಾರಿದರು.

"ಅಯ್ಯೋ! ಕಣ್ಣಿಗೆ ಊದ್ತಾಳಲ್ಲೇ ಇವಳು!"

"ಬರೀ ಗಾಳಿ ಅಜ್ಜಿ," ಎಂದಳು ಯಂತ್ರ ನಡೆಸುತ್ತಿದ್ದ ನಡುವಯಸ್ಸಿನ ಹೆಂಗಸು. "ಕಣ್ಣು ಎಷ್ಟು ಬಿಗಿಯಾಗಿದೆ ಅಂತ ಗಾಳಿ ತಾಗಿಸಿ ನೋಡೋದು."

"ಬಿಗಿ ನೋಡೋಕೆ ಇದೇನು ಸೈಕಲ್ ಟೈರಾ?"

"ಹಾಗೇ ಅಂದ್ಕೊಳ್ಳಿ. ಒಳಗಿನ ಒತ್ತಡ ಹೆಚ್ಚಾದ್ರೆ ಹಿಂದಿರೋ ನರ ಸವೆಯುತ್ತೆ. ನಿಮಗೆ ಹದಿನೇಳು. ಇಪ್ಪತ್ತೊಂದರವರೆಗೆ ಸರಿ ಅಂತ ಲೆಕ್ಕ."

ಮುಂದಿನ ಸರದಿ ನಾಮ್‌ಹಿಯದು. ಎರಡೂ ಕಣ್ಣಿಗೆ ಹದಿಮೂರು.

"ಚೆನ್ನಾಗಿದೆ," ಎಂದಳು ಹೆಂಗಸು. "ಕಣ್ಣಿಗೆ ಆಪರೇಷನ್ ಏನಾದ್ರೂ ಆಗಿದೆಯಾ? ಲೇಸರ್ ಗೀಸರ್?"

ನಾಮ್‌ಹಿ ಬಾಯಿ ತೆರೆಯುವ ಮೊದಲೇ ಅತ್ತೆಯ ದನಿ ಇಡೀ ಮಹಡಿಗೆ ಕೇಳಿಸಿತು. "ನನ್ನ ಸೊಸೆಗಾ? ಇವಳ ಕಣ್ಣು ಆಗಷ್ಟೇ ಹಿಡಿದ ಮೀನಿನ ಕಣ್ಣು ಕಣಮ್ಮ! ಕೂದಲೆಳೆಯಷ್ಟು ದಾರಾನ ಒಂದೇ ಸಲಕ್ಕೆ ಪೋಣಿಸ್ತಾಳೆ."

ಹೆಂಗಸು ನಾಮ್‌ಹಿಯ ಮುಖ ನೋಡಿದಳು. ನಾಮ್‌ಹಿ ಇಲ್ಲ ಎನ್ನುವಂತೆ ತಲೆಯಾಡಿಸಿದಳು. ಹಿಂದಿನ ವರ್ಷವೂ ಹಾಗೆಯೇ ಆಡಿಸಿದ್ದಳು, ಅದರ ಹಿಂದಿನ ವರ್ಷವೂ.

ನಿಜ ಬೇರೆಯೇ ಇತ್ತು. ಬೆಟ್ಟಗಳ ನಡುವಿನ ಕೊಚಾಂಗ್ ಊರಿನ ಹುಡುಗಿ ನಾಮ್‌ಹಿಗೆ ಎಂಟನೇ ವಯಸ್ಸಿಗೇ ಸೋಡಾಬುಡ್ಡಿ ಕನ್ನಡಕ ಬಂದಿತ್ತು. ಕಾಲೇಜಿಗೆ ಹೊರಟ ಒಂದು ಬೆಳಿಗ್ಗೆ ಟ್ಯಾಕ್ಸಿಯವನೊಬ್ಬ ಬಾಗಿಲು ತೆರೆದು, ಅವಳ ಮುಖ ನೋಡಿ, ಮೊದಲ ಸವಾರಿ ಕನ್ನಡಕದ ಹುಡುಗಿ ಬೇಡವೆಂದು ಮತ್ತೆ ಮುಚ್ಚಿಕೊಂಡು ಹೋಗಿದ್ದ. ಮದುವೆಯ ಮಾತು ಎರಡು ಕಡೆ ಮುರಿದುಬಿತ್ತು. ಒಂದು ಮನೆಯವರು, ಹುಟ್ಟುವ ಮಕ್ಕಳಿಗೂ ಇದೇ ಕಣ್ಣು ಬರುತ್ತದೆಂದು ನೇರವಾಗಿಯೇ ಹೇಳಿ ಕಳಿಸಿದ್ದರು. ಆಗ ಚಿಕ್ಕಮ್ಮ ಅವಳನ್ನು ಬುಸಾನ್‌ಗೆ ಕರೆದುಕೊಂಡು ಹೋಗಿ ಲೇಸರ್ ಮಾಡಿಸಿದಳು. ಲೇಸರ್ ಆಗ ಹೊಸದು. ಬಸ್ಸಿನಲ್ಲಿ ವಾಪಸು ಬರುವಾಗ ಚಿಕ್ಕಮ್ಮ ಒಂದೇ ಮಾತು ಹೇಳಿದ್ದಳು: "ಇನ್ನು ಮೇಲೆ ನೀನು ಕನ್ನಡಕ ಹಾಕಿದ್ದವಳೇ ಅಲ್ಲ. ಗಂಡನಿಗೂ ಹೇಳಬೇಡ. ಸಾಯೋವರೆಗೂ ಬಾಯಿ ಬಿಡಬೇಡ."

ಮರುದಿನ ಬೆಳಿಗ್ಗೆ ಹಾಸಿಗೆಯಲ್ಲಿ ಕಣ್ಣು ಬಿಟ್ಟಾಗ ತಲೆದಿಂಬಿನ ಪಕ್ಕ ಕೈಯಾಡಿಸದೆಯೇ ಚಾವಣಿಯ ಸೋರಿಕೆಯ ಕಲೆಯ ಅಂಚು ಅಂಚೂ ಕಂಡಿತ್ತು. ನಾಮ್‌ಹಿ ಅತ್ತಿದ್ದಳು. ಆ ಸಂತೋಷ ಸುಳ್ಳಲ್ಲ. ಆಮೇಲಿನ ಇಪ್ಪತ್ತಾರು ವರ್ಷದ ಮೌನ ಮಾತ್ರ ಒಂದೊಂದು ತಲೆಯಾಡಿಸುವಿಕೆಯಾಗಿ ಬೆಳೆಯುತ್ತ ಬಂದಿತ್ತು.

ತಪಾಸಣೆಯಾದ ಮರುವಾರ ಒಂದು ಮದುವೆ ಹೊದಿಕೆ ಅಂಗಡಿಗೆ ವಾಪಸು ಬಂತು. ತಿಳಿ ಬೂದು ಬಣ್ಣದ್ದು. ಮೂಲೆಯಲ್ಲಿ ಒಂದು ಸಾಲು ಪಕ್ಕದ ಸಾಲಿನ ಮೇಲೇ ಹತ್ತಿಬಿಟ್ಟಿತ್ತು. ಮಾಲ್‌ಸುಕ್ ತಂದವರಿಗೆ ಬೇರೆ ಹೊದಿಕೆ ಕೊಟ್ಟು ಕಳಿಸಿ, ಯಂತ್ರದ ಬೆಲ್ಟು ಸಡಿಲವಾಗಿರಬೇಕೆಂದು ತಾವೇ ತೀರ್ಪು ಕೊಟ್ಟರು. ನಾಮ್‌ಹಿ ದೀಪವನ್ನು ದೂರಿದಳು. ಬೆಲ್ಟು ಬದಲಾಯಿತು, ದೀಪ ಬದಲಾಯಿತು. ಬೂದು ಬಟ್ಟೆಯ ಮೇಲೆ ಬೂದು ದಾರ ಮಾತ್ರ ಇನ್ನೂ ಎಲ್ಲೋ ತಪ್ಪಿಸಿಕೊಳ್ಳುತ್ತಲೇ ಇತ್ತು. ಹದಿಮೂರು ಇದೆಯಲ್ಲ ಎಂದು ನಾಮ್‌ಹಿ ಸಮಾಧಾನ ಮಾಡಿಕೊಂಡಳು.

ಮಗಳು ಹನ್‌ಸೊಲ್ ಬುಸಾನ್‌ನಿಂದ ಬಂದದ್ದು ಸೋಮವಾರ ಸಂಜೆ. ಊರಿನ ದೋಣಿ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೆಲಸ ಮಾಡುವ ಹನ್‌ಸೊಲ್‌ಗೆ ಇಪ್ಪತ್ತೈದು ವರ್ಷ. ಸಮುದ್ರ ದಂಡೆಯ ದೊಡ್ಡ ಹೋಟೆಲೊಂದರ ಸ್ವಾಗತ ವಿಭಾಗಕ್ಕೆ ಅರ್ಜಿ ಹಾಕಿದ್ದಳು. ಸಂದರ್ಶನದಲ್ಲಿ ಒಬ್ಬರು, "ಲೆನ್ಸ್ ಹಾಕೋದಿಲ್ವಾ?" ಎಂದು ನಗುತ್ತಲೇ ಕೇಳಿದ್ದರು. ಪಕ್ಕದಲ್ಲಿ ಕೂತಿದ್ದ ಹುಡುಗರಿಬ್ಬರೂ ಕನ್ನಡಕದವರೇ; ಅವರನ್ನು ಯಾರೂ ಕೇಳಲಿಲ್ಲ. ಲೆನ್ಸು ಹಾಕಿದರೆ ಅವಳ ಕಣ್ಣು ಕೆಂಡದಂತಾಗುತ್ತದೆ. ಅದಕ್ಕೇ ಎರಡನೆಯ ಸುತ್ತಿಗೆ ಮುಂಚೆ ಲೇಸರ್ ಮಾಡಿಸಿಬಿಡುವುದೆಂದು ನಿಶ್ಚಯಿಸಿ, ಅಂದು ಬುಸಾನ್‌ಗೆ ಮೊದಲ ಪರೀಕ್ಷೆಗೆ ಹೋಗಿದ್ದಳು.

"ಗುರುವಾರಕ್ಕೆ ಗೊತ್ತಾಯ್ತು!" ಬ್ಯಾಗು ಎಸೆದು ಅಜ್ಜಿಯ ಪಕ್ಕ ಕೂತಳು. "ಶುಕ್ರವಾರದಿಂದ ನಿಮ್ಮ ಅಂಗಡಿಯ ಬೋಣಿ ನಾನೇ ಮಾಡ್ತೀನಿ ಅಜ್ಜಿ."

"ಮಾಡು, ಮಾಡು. ಕಾಸು ಕೊಟ್ಟು ಮಾಡು."

"ಒಂದೇ ಒಂದು ತಕರಾರು ಬಂತು ನೋಡಿ. ನನ್ನ ಕಣ್ಣಿನ ಒತ್ತಡ ಇಪ್ಪತ್ತು, ಇಪ್ಪತ್ತೊಂದು. ಅಂಚಿನ ಮೇಲಿದೆ ಅಂದ್ರು. ನರಾನೂ ಸ್ವಲ್ಪ ಅನುಮಾನ ಅಂದ್ರು. ಮನೇಲಿ ಯಾರಿಗಾದ್ರೂ ಗ್ಲಾಕೋಮಾ, ಅದೇ ಕಣ್ಣಿನ ನರ ಸವೆಯೋ ಕಾಯಿಲೆ, ಇದೆಯಾ, ಅಮ್ಮನಿಗೆ ಕಣ್ಣು ಮಂಜಾ ಅಂತ ಎರಡೆರಡು ಸಲ ಕೇಳಿದ್ರು. ಹಾಗೇನಾದ್ರೂ ಇದ್ರೆ ಈಗ ಮಾಡೋದು ಬೇಡ ಅಂದ್ರು."

"ನೀನೇನಂದೆ?" ನಾಮ್‌ಹಿ ಕೇಳಿದಳು. ಪೆಡಲಿನ ಮೇಲಿದ್ದ ಕಾಲು ನಿಂತಿತ್ತು.

"ಅಮ್ಮನ ಕಣ್ಣು ನಮ್ಮ ಓಣಿಗೇ ಹೆಸರುವಾಸಿ, ಒತ್ತಡ ಹದಿಮೂರು ಅಂದೆ. ಹಾಗಿದ್ರೆ ಭಯ ಇಲ್ಲ ಅಂತ ದಿನ ಕೊಟ್ರು."

ಮಾಲ್‌ಸುಕ್ ಏನೋ ಹೇಳಲು ಬಾಯಿ ತೆರೆದವರು ಕೆಮ್ಮಿ, ಉಪ್ಪಿನ ಡಬ್ಬಿಯ ಮುಚ್ಚಳ ಬಿಗಿ ಮಾಡಿದರು. ನಾಮ್‌ಹಿ ಹೊಲಿಗೆಗೆ ಬಾಗಿದಳು. ತನ್ನ ಸುಳ್ಳು ಇಷ್ಟು ದಿನ ತನ್ನೊಬ್ಬಳ ಮೂಗಿನ ಮೇಲೆ ಕೂತಿತ್ತು. ಈಗ ಅದು ಬಸ್ಸು ಹತ್ತಿ ಬುಸಾನ್‌ಗೆ ಹೋಗಿ ಮಗಳ ಪರವಾಗಿ ಸಾಕ್ಷಿ ಹೇಳಿ ಬಂದಿತ್ತು.

ಮಂಗಳವಾರ ಬೆಳಿಗ್ಗೆ ದಾರ ತರುತ್ತೇನೆಂದು ಹೇಳಿ ನಾಮ್‌ಹಿ ಹೊರಟಳು. ಬಂದರಿನ ಆಚೆಗಿನ ಬಡಾವಣೆಯಲ್ಲಿ, ಓಣಿಯವರು ಸಾಮಾನ್ಯವಾಗಿ ಹೋಗದ ಒಂದು ಕಣ್ಣಿನ ಕ್ಲಿನಿಕ್ಕು. ಡಾಕ್ಟರ್ ಬಾಂಗ್ ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು.

"ಏನು ತೊಂದರೆ?"

"ತೊಂದರೆ ಏನಿಲ್ಲ. ಒತ್ತಡ ಹದಿಮೂರಿದೆ."

"ತೊಂದರೆ ಇಲ್ಲದವರು ಬಾಗಿಲು ತೆರೆಯೋ ಮುಂಚೆ ಬಂದು ಮೆಟ್ಟಿಲ ಮೇಲೆ ಕೂರೋದಿಲ್ಲ."

ನಾಮ್‌ಹಿ ಹಿಂತಿರುಗಿ ಬಾಗಿಲು ಮುಚ್ಚಿದೆಯೇ ಎಂದು ನೋಡಿದಳು. "ನನಗೆ ಲೇಸರ್ ಆಗಿದೆ," ಎಂದಳು. "ಮದುವೆಗೆ ಮುಂಚೆ. ಯಾರಿಗೂ ಗೊತ್ತಿಲ್ಲ."

ವೈದ್ಯೆ ಆಶ್ಚರ್ಯವನ್ನೂ ತೋರಿಸಲಿಲ್ಲ, ಬೈಯಲೂ ಇಲ್ಲ. ಒಂದಾದ ಮೇಲೊಂದು ಯಂತ್ರದ ಮುಂದೆ ಕೂರಿಸಿದರು. ಒತ್ತಡ ಹದಿಮೂರೇ ಬಂತು. ಆಮೇಲೆ ಕಣ್ಣಿನ ಮುಂಪದರದ ದಪ್ಪ ಅಳೆದರು, ಹಿಂದಿನ ನರದ ಚಿತ್ರ ತೆಗೆದರು. ಕೊನೆಗೆ ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಮುಖವಿಡಿಸಿ, ಬೆಳಕಿನ ಚುಕ್ಕೆ ಕಂಡಾಗೆಲ್ಲ ಗುಂಡಿ ಒತ್ತಲು ಹೇಳಿದರು. ನಾಮ್‌ಹಿ ಒತ್ತಿದಳು. ನಡುನಡುವೆ ಬಹಳ ಹೊತ್ತು ಒಂದು ಚುಕ್ಕೆಯೂ ಬರದೆ, ಯಂತ್ರ ಕೆಟ್ಟಿರಬೇಕೆಂದುಕೊಂಡಳು. ಯಂತ್ರ ಕೆಟ್ಟಿರಲಿಲ್ಲ.

"ಇಲ್ಲಿ ನೋಡಿ," ವೈದ್ಯೆ ಪರದೆ ತಿರುಗಿಸಿದರು. ಬಲಗಣ್ಣಿನ ನಕ್ಷೆಯ ಮೇಲ್ಭಾಗದಲ್ಲಿ ಕಪ್ಪು, ಮಸಿ ಚೆಲ್ಲಿದ ಹಾಗೆ. ಎಡಗಣ್ಣಿನಲ್ಲೂ ಅದೇ ಜಾಗ ಬೂದಾಗಲು ಶುರುವಾಗಿತ್ತು. "ಮೇಲುಗಡೆಯ ನೋಟ ಹೋಗಿದೆ. ಒಂದು ಕಣ್ಣಿನ ಕೊರತೆಯನ್ನ ಇನ್ನೊಂದು ಕಣ್ಣು ತುಂಬಿಕೊಡ್ತಾ ಇರುತ್ತೆ. ಅದಕ್ಕೇ ಗೊತ್ತಾಗಲ್ಲ. ತಲೆಗೆ ಏನಾದ್ರೂ ತಾಗ್ತಿತ್ತಾ?"

"ಷಟರು," ಎಂದಳು ನಾಮ್‌ಹಿ. "ಆದರೆ ಹದಿಮೂರು ಇದೆಯಲ್ಲ ಡಾಕ್ಟರೇ? ಪ್ರತಿ ವರ್ಷ ಅಷ್ಟೇ ಬರುತ್ತೆ."

"ಗಾಳಿ ತಾಗಿಸಿದಾಗ ಮುಂಪದರ ಎಷ್ಟು ಸುಲಭವಾಗಿ ತಗ್ಗುತ್ತೆ ಅಂತ ಯಂತ್ರ ನೋಡೋದು. ಲೇಸರ್‌ನಲ್ಲಿ ಆ ಪದರಾನೇ ಸವೆಸಿ ತೆಳು ಮಾಡಿರ್ತಾರೆ. ಸಾಮಾನ್ಯವಾಗಿ ಐನೂರ ನಲವತ್ತು ಮೈಕ್ರಾನಿನ ಹತ್ತಿರ ಇರಬೇಕಾದ್ದು ನಿಮಗೆ ನಾನೂರ ಮೂವತ್ತಿದೆ. ತೆಳು ಪದರ ಬೇಗ ತಗ್ಗುತ್ತೆ. ಒಳಗೆ ಒತ್ತಡವೇ ಕಡಿಮೆ ಅಂತ ಯಂತ್ರ ತಿಳ್ಕೊಳ್ಳುತ್ತೆ."

ನಾಮ್‌ಹಿ ತನ್ನ ಕೈಗಳನ್ನು ನೋಡಿಕೊಂಡಳು. "ಹತ್ತಿ ಕಡಿಮೆ ಹಾಕಿದ ನೂಬಿ ಬೆರಳಿಗೆ ಮೆತ್ತಗೆ ಸಿಗುತ್ತಲ್ಲ, ಹಾಗಾ?"

"ಹಾಗೇ. ಈ ಹದಿಮೂರು ಹದಿಮೂರಲ್ಲ."

"ಮತ್ತೆ ನಿಜವಾದದ್ದು ಎಷ್ಟು?"

"ಇಷ್ಟೇ ಅಂತ ಹೇಳೋಕಾಗಲ್ಲ. ಹದಿನೇಳಿರಬಹುದು, ಇಪ್ಪತ್ತಿರಬಹುದು. ಅದಲ್ಲದೆ ನಮ್ಮ ಜನರಲ್ಲಿ ಒತ್ತಡ ನಿಜವಾಗಿ ಸರಿಯಾಗಿದ್ದೂ ನರ ಸವೆದವರು ಬಹಳ ಇದಾರೆ. ಒತ್ತಡ ಅಳೀಬೇಕು. ಆದರೆ ಅದೊಂದನ್ನೇ ನೋಡಿ ಎದ್ದು ಹೋಗಬಾರದು. ನರ ನೋಡಬೇಕು, ಹಿಂದೆ ಏನಾಗಿತ್ತು ಅಂತ ಕೇಳಬೇಕು. ನಿಮ್ಮನ್ನ ಯಾರೂ ಕೇಳಲಿಲ್ವಾ?"

"ಕೇಳಿದ್ರು."

ವೈದ್ಯೆ ಆ ಉತ್ತರವನ್ನು ಕೆದಕಲಿಲ್ಲ. ಇದು ಗ್ಲಾಕೋಮಾ, ಹೋದ ನೋಟ ಮರಳುವುದಿಲ್ಲ, ಉಳಿದದ್ದನ್ನು ದಿನಕ್ಕೊಂದು ಸಲದ ಹನಿಮದ್ದಿನಿಂದ ಕಾಪಾಡಿಕೊಳ್ಳುವ ಪ್ರಯತ್ನ ಮಾಡಬಹುದು ಎಂದರು. ಒಡಹುಟ್ಟಿದವರೂ ಮಕ್ಕಳೂ ಕಣ್ಣು ತೋರಿಸಿಕೊಳ್ಳಬೇಕು ಎಂದರು.

"ಮಗಳಿದಾಳೆ," ನಾಮ್‌ಹಿಯ ದನಿ ಒಡೆಯಿತು. "ನಾಡಿದ್ದು ಅವಳಿಗೂ ಲೇಸರ್."

ವೈದ್ಯೆ ಪೆನ್ನು ಕೆಳಗಿಟ್ಟರು. "ಅವಳ ಡಾಕ್ಟರಿಗೆ ನಿಮ್ಮ ವಿಷಯ ಗೊತ್ತಾ?"

ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂವರೂ ಊಟಕ್ಕೆ ಕೂತರು. ಗಂಡ ಸಾಂಗ್‌ಬಮ್‌ನದು ಸಿಂಪಿ ದೋಣಿಗಳ ಎಂಜಿನ್ ರಿಪೇರಿ. ಸಿಂಪಿಯ ಸುಗ್ಗಿಯಾದ್ದರಿಂದ ಬಂದವನೇ ಉಂಡು ಪಕ್ಕದ ಕೋಣೆಯಲ್ಲಿ ಉರುಳಿಕೊಂಡಿದ್ದ. ಗೊರಕೆ ಇಲ್ಲಿಗೇ ಕೇಳುತ್ತಿತ್ತು. ಸುಟ್ಟ ಬಂಗುಡೆಯ ಮುಳ್ಳು ಬಿಡಿಸಿ ಅತ್ತೆಯ ಅನ್ನದ ಮೇಲೆ ಇಟ್ಟ ನಾಮ್‌ಹಿ, ತನ್ನ ಬಟ್ಟಲನ್ನು ಮುಟ್ಟದೆ ಹೇಳಿದಳು.

"ಹನ್‌ಸೊಲ್, ಗುರುವಾರ ಹೋಗಬೇಡ. ನನಗೆ ಗ್ಲಾಕೋಮಾ ಇದೆ."

"ಅಮ್ಮ! ಹದಿಮೂರು ಅಂತ..."

"ಆ ಲೆಕ್ಕ ತಪ್ಪು. ನನಗೂ ಲೇಸರ್ ಆಗಿದೆ. ನಿನ್ನ ಅಪ್ಪನ್ನ ನೋಡೋ ಮೊದಲೇ. ನಿನಗಿಂತ ದಪ್ಪ ಕನ್ನಡಕ ನನ್ನದು."

ಹನ್‌ಸೊಲ್‌ಳ ಊಟದ ಕಡ್ಡಿಗಳು ಬಟ್ಟಲಿನ ಅಂಚಿಗೆ ತಾಗಿ ಕೆಳಗೆ ಬಿದ್ದವು. ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು.

"ಎರಡನೇ ಕ್ಲಾಸಲ್ಲಿ ನನಗೆ ಕನ್ನಡಕ ಬಂತಲ್ಲ. ಈ ಕಣ್ಣು ಯಾರ ಕಡೆಯಿಂದ ಬಂತೋ ಅಂತ ಅತ್ತೆಯರೆಲ್ಲ ಆಡ್ಕೊಂಡ್ರಲ್ಲ. ನಾನು ಬಚ್ಚಲಲ್ಲಿ ಕೂತು ಅಳ್ತಾ ಇದ್ದಾಗ ನೀನು ಬಾಗಿಲಾಚೆ ನಿಂತಿದ್ದೆ. ಆಗಲೂ ಹೇಳ್ಲಿಲ್ಲ. ಈ ಮನೇಲಿ ಕೆಟ್ಟ ಕಣ್ಣು ನನ್ನದೊಂದೇ ಅಂದ್ಕೊಂಡು ಬೆಳೆದೆ ಅಮ್ಮ ನಾನು."

ನಾಮ್‌ಹಿ ತಲೆ ತಗ್ಗಿಸಿದಳು. "ತಪ್ಪಾಯ್ತು. ಹೆದರಿದ್ದೆ."

"ಯಾರಿಗೆ?"

ಉತ್ತರ ಮೂವರಿಗೂ ಗೊತ್ತಿತ್ತು, ಅದು ಅಲ್ಲೇ ಕೂತು ಅನ್ನ ಕಲಸುತ್ತಿತ್ತು. ಮಾಲ್‌ಸುಕ್ ಚಮಚ ಇಟ್ಟರು.

"ನಂಗೊತ್ತಿತ್ತು," ಎಂದರು.

ತಾಯಿ ಮಗಳಿಬ್ಬರೂ ಅವರ ಕಡೆ ತಿರುಗಿದರು.

"ನೀನು ಮದುವೆಯಾಗಿ ಬಂದ ಹೊಸತು. ಸಾರಿನ ಪಾತ್ರೆಯ ಮುಚ್ಚಳ ತೆಗೆದಾಗೆಲ್ಲ ಮುಖ ಹಿಂದಕ್ಕೆ ಎಳ್ಕೊಳ್ತಿದ್ದೆ, ಗಾಜಿಗೆ ಆವಿ ಹಿಡಿಯುತ್ತೆ ಅನ್ನೋರ ಹಾಗೆ. ಮೂಗಿನ ಮೇಲೆ ಇಲ್ಲದ್ದನ್ನ ಬೆರಳಲ್ಲಿ ಮೇಲಕ್ಕೆ ತಳ್ತಿದ್ದೆ. ಎಷ್ಟು ಸಲ ನೋಡಿದೀನಿ. ಅಷ್ಟೂ ತಿಳಿಯದಷ್ಟು ಪೆದ್ದಿನಾ ನಾನು?"

"ಮತ್ತೆ ಯಾಕೆ ಕೇಳ್ಲಿಲ್ಲ ಅತ್ತೆ?"

"ಕೇಳಿದ್ರೆ ನೀನು ನನ್ನ ಮುಂದೆ ತಲೆ ತಗ್ಗಿಸಬೇಕಿತ್ತು, ಈಗ ತಗ್ಗಿಸಿದ ಹಾಗೆ. ಈ ಓಣಿ ಬಾಯಿ ಎಂಥದ್ದು ಅಂತ ನಿಂಗೊತ್ತು. ಸೊಸೆ ಕಣ್ಣಿನ ದೋಷ ಮುಚ್ಚಿಟ್ಟು ಮದುವೆ ಮಾಡಿದ್ರಂತೆ ಅಂತ ಅಂದುಬಿಡೋರು. ಅದಕ್ಕೇ ಅವರು ಅನುಮಾನಪಡೋ ಮೊದಲು ನಾನೇ ಜೋರಾಗಿ ಹೊಗಳ್ಕೊಂಡು ಬಂದೆ. ಅದು ಬೇಲಿ ಅಂದ್ಕೊಂಡಿದ್ದೆ ಮಗೂ." ಮುದುಕಿಯ ದನಿ ಸಣ್ಣದಾಯಿತು. "ಆ ಯಂತ್ರದವಳು ಕೇಳಿದಾಗಲೂ ಅದೇ ಬೇಲಿ ಕಟ್ಟಿದೆ. ಪ್ರತಿ ವರ್ಷ. ಅವಳು ಕೇಳ್ತಿದ್ದದ್ದು ನಿನ್ನ ಮಾನದ ವಿಷಯ ಅಲ್ಲ, ಕಣ್ಣಿನ ವಿಷಯ ಅಂತ ನನಗೆ ಹೊಳೀಲೇ ಇಲ್ಲ."

"ನಾನೂ ಬಾಯಿ ಬಿಡಬಹುದಿತ್ತು," ಎಂದಳು ನಾಮ್‌ಹಿ.

"ನಿನ್ನೆ ಈ ಹುಡುಗಿ ಬಂದು ಅಮ್ಮನ ಕಣ್ಣು ಚೆನ್ನಾಗಿದೆ ಅಂದೆ ಅಂದಾಗ ಹೇಳಿಬಿಡೋಣ ಅಂತ ಬಾಯಿ ತೆರೆದು ಮುಚ್ಕೊಂಡೆ. ರಾತ್ರಿಯೆಲ್ಲ ಹೊರಳಾಡಿದೆ. ನೀನು ಹೇಳದೆ ಇದ್ದಿದ್ರೆ ನಾನು ಹೇಳ್ತಿದ್ದೆನಾ? ಗೊತ್ತಿಲ್ಲ. ಎಪ್ಪತ್ತೆಂಟು ವರ್ಷದವಳು, ಗೊತ್ತಿಲ್ಲ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ."

ಹನ್‌ಸೊಲ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಗಾಜು ಒರೆಸಿಕೊಂಡಳು. ಒರೆಸಿದಷ್ಟೂ ಗಾಜು ಒದ್ದೆಯಾಗುತ್ತಿತ್ತು. "ನಿಮ್ಮಿಬ್ಬರಿಗೂ ಎಷ್ಟು ಗುಟ್ಟು," ಎಂದಳು. "ಒಂದೇ ಒಲೆಯಲ್ಲಿ ಅನ್ನ ಬೇಯಿಸ್ಕೊಂಡು ಇಪ್ಪತ್ತಾರು ವರ್ಷ ಒಬ್ಬರಿಗೊಬ್ಬರು ಕಣ್ಣಾಮುಚ್ಚಾಲೆ ಆಡಿದೀರಲ್ಲ!"

ಪಕ್ಕದ ಕೋಣೆಯ ಗೊರಕೆ ಒಮ್ಮೆ ನಿಂತು ಮತ್ತೆ ಶುರುವಾಯಿತು. ಮಾಲ್‌ಸುಕ್‌ಗೆ ಮೊದಲು ನಗು ಬಂತು. ಆಮೇಲೆ ನಾಮ್‌ಹಿಗೆ. ನಗುತ್ತ ನಗುತ್ತಲೇ ಅತ್ತೆ ಸೊಸೆಯ ಮುಂದೆ ತಣ್ಣಗಾಗಿದ್ದ ಕಡಲ ಪಾಚಿಯ ಸಾರನ್ನು ಎತ್ತಿಕೊಂಡು ಬಿಸಿ ಮಾಡಲು ಹೋದರು.

ಮರುದಿನ ಹನ್‌ಸೊಲ್ ಬುಸಾನ್‌ಗೆ ಫೋನ್ ಮಾಡಿ ಅಮ್ಮನ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದಳು. ಅಲ್ಲಿನ ವೈದ್ಯರು ಎರಡನೆಯ ಮಾತಿಲ್ಲದೆ ದಿನ ರದ್ದು ಮಾಡಿ, ಹೇಳಿದ್ದಕ್ಕೆ ಧನ್ಯವಾದ ಎಂದರು. ಆ ವಾರವೇ ಡಾಕ್ಟರ್ ಬಾಂಗ್ ಅವಳನ್ನು ಪರೀಕ್ಷಿಸಿದರು. ಅವಳ ಮುಂಪದರದ ದಪ್ಪ ಸರಿಯಾಗಿತ್ತು, ಆದ್ದರಿಂದ ಅವಳ ಇಪ್ಪತ್ತೊಂದನ್ನು ಇಪ್ಪತ್ತೊಂದೆಂದೇ ನಂಬಬಹುದಿತ್ತು. ನೋಟದಲ್ಲಿ ಎಲ್ಲೂ ಕಪ್ಪು ಇರಲಿಲ್ಲ. ಈಗ ಕಾಯಿಲೆ ಎನ್ನುವಂತಿಲ್ಲ, ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ಆರು ತಿಂಗಳಿಗೊಮ್ಮೆ ಬರಬೇಕು ಎಂದರು ವೈದ್ಯೆ. ಮುಂದೆ ಯಾವತ್ತಾದರೂ ಲೇಸರ್ ಮಾಡಿಸುವ ಮನಸ್ಸಾದರೆ ಇಂದಿನ ಅಳತೆಗಳನ್ನೆಲ್ಲ ಜೊತೆಗಿಟ್ಟುಕೊಂಡು, ಎಲ್ಲರೂ ಸೇರಿ ಮತ್ತೆ ಯೋಚಿಸೋಣ ಎಂದೂ ಹೇಳಿದರು.

ಹೋಟೆಲಿನ ಎರಡನೆಯ ಸುತ್ತಿಗೆ ಹನ್‌ಸೊಲ್ ಕನ್ನಡಕ ಹಾಕಿಕೊಂಡೇ ಹೋದಳು. ಅಲ್ಲಿಂದ ಕರೆ ಬರಲಿಲ್ಲ. ಕಾರಣ ಕನ್ನಡಕವೋ ಬೇರೆಯೋ, ಅವರು ಹೇಳಲಿಲ್ಲ. ಅವಳು ಎಂದಿನಂತೆ ಟಿಕೆಟ್ ಕಿಟಕಿಗೆ ಹೋದಳು, ವಾರ ಕಳೆದ ಮೇಲೆ ಇನ್ನೊಂದು ಕಡೆ ಅರ್ಜಿ ಹಾಕಿದಳು.

ನಾಮ್‌ಹಿಯ ಹನಿಮದ್ದು ಶುರುವಾಯಿತು. ಹೇಳಿದಷ್ಟು ಸುಲಭದ್ದಲ್ಲ ಅದು. ಮದ್ದನ್ನು ಮೇಲಿನಿಂದ ಬಿಡಬೇಕು. ಅವಳ ನೋಟ ಹೋಗಿದ್ದದ್ದೂ ಮೇಲುಗಡೆಯೇ. ಸೀಸೆಯ ತುದಿ ಎಲ್ಲಿದೆಯೆಂದು ಕಾಣದೆ ಮೊದಲ ಹನಿ ಕೆನ್ನೆಗೆ ಬೀಳುತ್ತಿತ್ತು, ಎರಡನೆಯದು ಹುಬ್ಬಿಗೆ. ಕನ್ನಡಿ ಹಿಡಿದರೂ ಅಷ್ಟೇ. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ, ಹೊಲಿಗೆ ಯಂತ್ರದ ಪಕ್ಕ ಅವಳು ಹೀಗೆ ಮುಖ ಒರೆಸಿಕೊಳ್ಳುತ್ತಿರುವುದನ್ನು ಮಾಲ್‌ಸುಕ್ ಸ್ಟೂಲಿನಿಂದ ನೋಡಿದರು.

"ಮದ್ದು ಕಣ್ಣಿಗೋ ಕೆನ್ನೆಗೋ? ತಾ ಇಲ್ಲಿ."

"ಬಿಡಿ ಅತ್ತೆ, ನಾನೇ..."

"ತಾ ಅಂದ್ರೆ ತಾ. ಮಲಕ್ಕೋ."

ನೂಬಿ ಹೊದಿಕೆಗಳ ರಾಶಿಗೆ ಒರಗಿ ಮಾಲ್‌ಸುಕ್ ಕಾಲು ನೀಡಿದರು. ನಾಮ್‌ಹಿ ಸ್ವಲ್ಪ ಹೊತ್ತು ಅನುಮಾನಿಸಿ, ಅತ್ತೆಯ ತೊಡೆಯ ಮೇಲೆ ತಲೆಯಿಟ್ಟಳು. ಈ ಮನೆಗೆ ಬಂದ ಮೇಲೆ ಹಾಗೆ ಮಲಗಿದ್ದು ಅದೇ ಮೊದಲು. ಮುದುಕಿಯ ಬೆರಳು ಒರಟು. ಆದರೆ ಕೆಳರೆಪ್ಪೆಯನ್ನು ಮೆಲ್ಲಗೆ, ಬಟ್ಟೆಯ ಅಂಚು ಮಡಿಸಿದಷ್ಟೇ ಹಗುರವಾಗಿ ಎಳೆಯಿತು.

"ಮೇಲೆ ನೋಡು. ಮೇಲೆ ಏನು ಕಾಣುತ್ತೆ?"

"ನಿಮ್ಮ ಗಲ್ಲ."

"ಅಷ್ಟು ಸಾಕು."

ಹನಿ ಸರಿಯಾಗಿ ಕಣ್ಣೊಳಗೆ ಬಿತ್ತು. ತಣ್ಣಗೆ, ಸ್ವಲ್ಪ ಉರಿ.

ಆಗಷ್ಟೇ ಕೆಲಸ ಮುಗಿಸಿ ಬಂದ ಹನ್‌ಸೊಲ್ ಬಾಗಿಲಲ್ಲೇ ನಿಂತು ನೋಡಿದಳು. "ಆ ಮದ್ದಿಗೆ ರೆಪ್ಪೆ ಉದ್ದ ಬೆಳೆಯುತ್ತಂತೆ ಅಜ್ಜಿ. ಇನ್ನೊಂದು ಚಳಿಗಾಲಕ್ಕೆ ಅಮ್ಮ ಸಿನಿಮಾ ತಾರೆ ಥರ ಆಗ್ತಾಳೆ."

"ಆಗಲಿ. ನಿನ್ನಪ್ಪ ಗೊರಕೆ ಬಿಟ್ಟು ಎದ್ದು ನೋಡಲಿ."

"ನಗಿಸಬೇಡಿ ಅತ್ತೆ, ಮದ್ದು ಹೊರಗೆ ಬರುತ್ತೆ."

"ಕಣ್ಣು ಮುಚ್ಚು. ಆಮೇಲೆ ಏನು ಮಾಡಬೇಕು ಅಂದ್ರು ಆ ಡಾಕ್ಟರು?"

"ಮೂಗಿನ ಬುಡದಲ್ಲಿ, ಕಣ್ಣಿನ ಮೂಲೆ ಒತ್ತಿ ಹಿಡೀಬೇಕಂತೆ. ಒಂದೆರಡು ನಿಮಿಷ. ಇಲ್ಲದಿದ್ರೆ ಮದ್ದು ಗಂಟಲಿಗೆ ಇಳಿದುಬಿಡುತ್ತೆ."

ಮಾಲ್‌ಸುಕ್ ಬೆರಳಿಟ್ಟು ಒತ್ತಿದರು. ಹೊರಗೆ ಓಣಿಯಲ್ಲಿ ಹೆಜ್ಜೆಗಳು ನಿಂತವು. ಯಾರೋ ಗಿರಾಕಿ, ತೂಗುತ್ತಿದ್ದ ಚೀಲವೊಂದನ್ನು ತಿರುಗಿಸಿ ನೋಡುತ್ತಿರುವ ಸದ್ದು. ಹೋಗಿ ನೋಡಲೇ ಎಂದು ಹನ್‌ಸೊಲ್ ಕಣ್ಣಿನಲ್ಲೇ ಕೇಳುವ ಮೊದಲೇ ಅಜ್ಜಿಯ ದನಿ ಅಂಗಡಿ ದಾಟಿ ಎದುರು ಸಾಲಿನವರೆಗೂ ಹೋಯಿತು.

"ಸ್ವಲ್ಪ ನಿಲ್ಲಿ! ನನ್ನ ಸೊಸೆಗೆ ಗ್ಲಾಕೋಮಾ, ಕಣ್ಣಿಗೆ ಮದ್ದು ಹಾಕ್ತಿದೀನಿ!"

ಎದುರಿನ ಅಂಗಡಿಯಲ್ಲಿ ಯಾರೋ ಮಾತು ನಿಲ್ಲಿಸಿದರು. ನಾಮ್‌ಹಿಯ ಮೈ ಅಭ್ಯಾಸದಿಂದ ಬಿಗಿಯಾಯಿತು. ಮೂಗಿನ ಬುಡದಲ್ಲಿದ್ದ ಬೆರಳು ಮಾತ್ರ ಕದಲಲಿಲ್ಲ.

"ಮೈ ಸಡಿಲ ಬಿಡು ಮಗೂ," ಎಂದರು ಮಾಲ್‌ಸುಕ್, ಈಗ ಮೆಲ್ಲಗೆ. "ಇನ್ನೂ ಒಂದು ನಿಮಿಷ ಇದೆ."